ನೀರು ಹೇಳಿದ ಸಾಕ್ಷಿ

ಮಿದುಳಿನಲ್ಲಿರುವ ನೀರು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ನಾವು ಗಾಢ ನಿದ್ದೆಯಲ್ಲಿದ್ದರೂ, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದರೂ ಅದರ ಒಂದೊಂದು ಅಣುವೂ ಪಕ್ಕದ್ದಕ್ಕೆ ಡಿಕ್ಕಿ ಹೊಡೆದು, ಹಿಂದೆ ಸರಿದು, ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತ ಅಲೆಯುತ್ತಲೇ ಇರುತ್ತದೆ. ಈ ಅಲೆತಕ್ಕೆ ಗುರಿಯಿಲ್ಲ, ಇಂಥದೇ ದಿಕ್ಕು ಎಂಬುದಿಲ್ಲ. ಮೈಯ ಬಿಸಿಯಷ್ಟೇ ಅದನ್ನು ಓಡಿಸುತ್ತದೆ. ಮನಸ್ಸು ಚಂಚಲ ಎಂದು ನಮ್ಮ ಹಿರಿಯರು ಬೇಕಾದಷ್ಟು ಹಾಡಿದ್ದಾರೆ. ಆ ಮನಸ್ಸಿನ ಮನೆಯಲ್ಲಿರುವ ನೀರು ಅದಕ್ಕಿಂತ ಚಂಚಲ ಎಂಬುದು ತಿಳಿದಿದ್ದರೆ ಇನ್ನೆಷ್ಟು ಪದ ಕಟ್ಟುತ್ತಿದ್ದರೋ.

ಈ ಚಂಚಲತೆಯನ್ನು ಮೊದಲು ಗಮನವಿಟ್ಟು ನೋಡಿದವನು ಗಿಡಗಳ ಹಿಂದೆ ಬಿದ್ದಿದ್ದ ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನ್. 1827ರಲ್ಲಿ ಪರಾಗದೊಳಗಿನ ಕಣಗಳನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ನಡುಗುತ್ತಿದ್ದವು. ಜೀವವಿರುವುದರಿಂದ ಕುಣಿಯುತ್ತಿವೆಯೋ ಎಂಬ ಅನುಮಾನಕ್ಕೆ ಗಾಜಿನ ಪುಡಿ, ಕಲ್ಲಿನ ಪುಡಿ ಹಾಕಿ ನೋಡಿದ. ಕೊನೆಗೆ ಈಜಿಪ್ಟಿನ ಸ್ಫಿಂಕ್ಸ್ ವಿಗ್ರಹದ ಚೂರೊಂದನ್ನೂ ಅರೆದು ಹಾಕಿದ. ಎಲ್ಲವೂ ನಡುಗಿದವು. ಸಾವಿರಾರು ವರ್ಷ ಅಲುಗಾಡದೆ ಕೂತ ಕಲ್ಲೂ ನೀರಿಗೆ ಬಿದ್ದ ಮೇಲೆ ಕುಣಿಯಲೇಬೇಕಾಯಿತು. ಕುಣಿಸುತ್ತಿದ್ದದ್ದು ಕಣ್ಣಿಗೆ ಕಾಣದ ನೀರಿನ ಅಣುಗಳು ಎಂಬುದನ್ನು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ಇಷ್ಟು ಹೊತ್ತಿನಲ್ಲಿ ಕಣವೊಂದು ಸರಾಸರಿ ಎಷ್ಟು ದೂರ ಅಲೆಯುತ್ತದೆ ಎಂದು ಹೇಳುವ ಸೂತ್ರ ಅವರದು. ಅದರ ಪ್ರಕಾರ ನಮ್ಮ ಮೈಯಷ್ಟು ಬೆಚ್ಚಗಿರುವ, ಯಾವ ತಡೆಯೂ ಇಲ್ಲದ ನೀರಿನಲ್ಲಿ ಒಂದು ಅಣು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಸುಮಾರು 17 ಮೈಕ್ರೋಮೀಟರ್ ದೂರ ಹೋಗುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಒಂದು ಮೈಕ್ರೋಮೀಟರ್. ಮಿದುಳಿನಲ್ಲಿ ಅಷ್ಟೇ ಹೊತ್ತಿನಲ್ಲಿ ಅದು ಸಾಗುವ ದೂರ ಹೆಚ್ಚುಕಡಿಮೆ ಇದರ ಅರ್ಧ. ಅಲ್ಲಿ ಪೊರೆಗಳಿವೆ, ಗೋಡೆಗಳಿವೆ, ಇಕ್ಕಟ್ಟಿದೆ.

ಈ ಗುರಿಯಿಲ್ಲದ ಅಲೆತವನ್ನು ಅಳೆದು, ಕ್ಯಾನ್ಸರಿನ ಔಷಧ ಮಿದುಳಿಗೆ ಏನು ಮಾಡಿದೆ ಎಂದು ತಿಳಿಯುವ ವಿದ್ಯೆ ಈಗ ನಮ್ಮ ಕೈಯಲ್ಲಿದೆ. ನಾನು ವೈದ್ಯನಲ್ಲ, ಓದುಗನ ಕುತೂಹಲವಷ್ಟೇ ನನ್ನದು. ಆದರೂ ಈ ವಿಷಯಕ್ಕೆ ಬಂದಾಗಲೆಲ್ಲ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆನಿಸುತ್ತದೆ. ಯಾರ ಮಾತನ್ನೂ ಕೇಳದ ನೀರು ಇಲ್ಲಿ ಸಾಕ್ಷಿಕಟ್ಟೆ ಹತ್ತಿದೆ. ಅದೂ ತಾನು ಸಾಕ್ಷಿ ಹೇಳುತ್ತಿದ್ದೇನೆಂದು ತಿಳಿಯದೆಯೇ.

ಈ ಸಾಕ್ಷಿ ಅರ್ಥವಾಗಲು ಮೊದಲು ಮಿದುಳಿನ ಎಳೆಗಳ ಕಥೆ ತಿಳಿಯಬೇಕು. 1665ರಲ್ಲಿ ಪ್ಯಾರಿಸ್ಸಿನ ಮನೆಯೊಂದರಲ್ಲಿ ಸೇರಿದ್ದ ವಿದ್ವಾಂಸರ ಮುಂದೆ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ ಎಂಬ ಯುವಕ ಮಿದುಳಿನ ಬಗ್ಗೆ ಉಪನ್ಯಾಸ ಕೊಟ್ಟ. ಮಿದುಳಿನ ಬಗ್ಗೆ ತನಗೆ ಏನೂ ಗೊತ್ತಿಲ್ಲ ಎಂದೇ ಮಾತು ಶುರುಮಾಡಿದ. ಇಂದಿನ ವಿಚಾರಸಂಕಿರಣಗಳಲ್ಲಿ ಇಂಥ ಆರಂಭ ಕೇಳಲು ಸಿಗುವುದಿಲ್ಲ. ಮಿದುಳಿನ ಒಳಭಾಗದಲ್ಲಿರುವ ಬಿಳಿ ದ್ರವ್ಯ ಎಳೆಎಳೆಯಾಗಿದೆ, ಆ ಎಳೆಗಳು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತವೆ ಎಂದು ಹಿಂಬಾಲಿಸಿ ಹೋಗುವುದೇ ಮಿದುಳನ್ನು ಅರಿಯುವ ಸರಿಯಾದ ದಾರಿ ಎಂದ. ಅದು ಎಷ್ಟು ಕಷ್ಟವೆಂಬುದನ್ನೂ ಹೇಳಿದ. ಚಾಕು ಹಿಡಿದು ಆ ಮೆದು ಮುದ್ದೆಯಲ್ಲಿ ಒಂದು ಎಳೆಯ ಬೆನ್ನು ಹತ್ತಿದರೆ ಅರೆ ಗೇಣು ಹೋಗುವುದರೊಳಗೆ ದಾರಿ ತಪ್ಪುತ್ತದೆ.

ಮಿದುಳಿನ ಸಿಪ್ಪೆಯಂಥ ಹೊರಪದರ ಬೂದು ಬಣ್ಣದ್ದು. ನರಕೋಶಗಳ ಒಡಲು ಅಲ್ಲಿರುತ್ತದೆ. ಯೋಚನೆಯೆಲ್ಲ ಅಲ್ಲೇ ನಡೆಯುತ್ತದೆಂದು ಬಹುಕಾಲ ಎಲ್ಲರ ಗಮನ ಅದರ ಮೇಲೇ ಇತ್ತು. ಬಿಳಿ ದ್ರವ್ಯವನ್ನು ಕೇಳುವವರು ಕಡಿಮೆ. ಆದರೆ ನರಕೋಶಗಳು ಒಂದಕ್ಕೊಂದು ಮಾತಾಡಲು ಚಾಚಿದ ಉದ್ದನೆಯ ತಂತುಗಳೆಲ್ಲ ಅಲ್ಲಿರುವುದು. ಡೆನ್ಮಾರ್ಕಿನವರೇ 2003ರಲ್ಲಿ ಅವುಗಳ ಒಟ್ಟು ಉದ್ದವನ್ನು ಅಂದಾಜು ಮಾಡಿದರು: ಇಪ್ಪತ್ತು ವರ್ಷದ ಗಂಡಸಿನಲ್ಲಿ ಸುಮಾರು 1,76,000 ಕಿಲೋಮೀಟರ್, ಹೆಂಗಸಿನಲ್ಲಿ ಸುಮಾರು 1,49,000. ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಎಂದು ನೆನಪಿಸಿಕೊಂಡರೆ ಈ ಅಂಕಿಯ ಮುಂದೆ ತಲೆ ತಿರುಗುತ್ತದೆ. ಒಂದು ತಲೆಬುರುಡೆಯೊಳಗೆ ಭೂಮಿಗೆ ನಾಲ್ಕು ಸುತ್ತು ಬರುವಷ್ಟು ಎಳೆ! ಎಂಬತ್ತನೇ ವಯಸ್ಸಿಗೆ ಬರುವಷ್ಟರಲ್ಲಿ ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಸವೆದು ಹೋಗುತ್ತದೆ ಎಂದೂ ಅವರೇ ಲೆಕ್ಕ ಕೊಟ್ಟಿದ್ದಾರೆ.

ಬಿಳಿ ಬಣ್ಣ ಬರುವುದು ಕೊಬ್ಬಿನಿಂದ. ಬಹಳಷ್ಟು ತಂತುಗಳ ಸುತ್ತ ಮೈಲಿನ್ ಎಂಬ ಕೊಬ್ಬಿನ ಪೊರೆ ಪದರಪದರವಾಗಿ ಸುತ್ತಿಕೊಂಡಿರುತ್ತದೆ. ಸುತ್ತುವ ಕೆಲಸ ಆಲಿಗೊಡೆಂಡ್ರೊಸೈಟ್ ಎಂಬ ಕೋಶದ್ದು. ಇಂಥ ಒಂದು ಕೋಶ ಕೈಗಳನ್ನು ಚಾಚಿ ಐವತ್ತರಷ್ಟು ತಂತುಗಳಿಗೆ ಪೊರೆ ಹೊದಿಸಬಲ್ಲದು. ಪೊರೆಯಿಲ್ಲದ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು ತೆವಳುತ್ತದೆ; ದಪ್ಪ ಪೊರೆಯಿದ್ದರೆ ನೂರು ಮೀಟರಿನವರೆಗೂ ಓಡುತ್ತದೆ. ಎದುರಿಗೆ ಬಂದವರ ಮುಖ ಕಂಡ ತಕ್ಷಣ ಹೆಸರು ನಾಲಿಗೆಗೆ ಬರುವುದು, ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಾಡುತ್ತಲೇ ಹಾಲಿನ ಮೇಲೂ ಒಂದು ಕಣ್ಣಿಡುವುದು, ಇವೆಲ್ಲ ಮಿದುಳಿನ ದೂರದೂರದ ಭಾಗಗಳು ಸಮಯಕ್ಕೆ ಸರಿಯಾಗಿ ಒಂದನ್ನೊಂದು ಮುಟ್ಟುವುದರಿಂದ ಆಗುವ ಕೆಲಸ. ಒಂದು ಸಂದೇಶ ಸೆಕೆಂಡಿನ ನೂರನೇ ಒಂದು ಭಾಗ ತಡವಾದರೂ ಅಲ್ಲಿ ಲಯ ತಪ್ಪುತ್ತದೆ.

ಸ್ಟೆನ್ಸನ್ ಕೈಯಲ್ಲಿ ಆಗದ ಹಿಂಬಾಲಿಕೆಯನ್ನು ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ನೀರಿನಿಂದ ಮಾಡಿಸಿದರು.

ಎಂಆರ್‌ಐ ಯಂತ್ರ ನೋಡುವುದು ಮುಖ್ಯವಾಗಿ ನೀರನ್ನೇ. ನೀರಿನ ಅಣುವಿನಲ್ಲಿರುವ ಹೈಡ್ರೋಜನ್ನಿನ ಬೀಜವನ್ನು. ಭೂಮಿಯ ಅಯಸ್ಕಾಂತ ಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಬಲದ ಅಯಸ್ಕಾಂತದೊಳಗೆ ಮಲಗಿಸಿ, ರೇಡಿಯೋ ತರಂಗದಿಂದ ಆ ಬೀಜಗಳನ್ನು ತಟ್ಟಿ, ಅವು ಕೊಡುವ ಮರುದನಿಯನ್ನು ಅದು ಕೇಳಿಸಿಕೊಳ್ಳುತ್ತದೆ. ಫ್ರಾನ್ಸಿನ ಡೆನಿ ಲೆ ಬಿಹಾನ್ 1985ರ ಹೊತ್ತಿಗೆ ಈ ಕೇಳುವಿಕೆಗೆ ಒಂದು ತಿರುವು ಕೊಟ್ಟರು. ಅಯಸ್ಕಾಂತದ ಬಲವನ್ನು ಒಂದು ದಿಕ್ಕಿನಲ್ಲಿ ಇಳಿಜಾರಾಗಿಸಿ ಪ್ರತಿ ಅಣುವಿಗೂ ಅದಿರುವ ಜಾಗದ ಗುರುತು ಹಾಕುವುದು. ಕ್ಷಣ ಬಿಟ್ಟು ಅದೇ ಗುರುತನ್ನು ಅಳಿಸುವುದು. ಇದ್ದಲ್ಲೇ ಇದ್ದ ಅಣುವಿನ ಗುರುತು ಪೂರ್ತಿ ಅಳಿಯುತ್ತದೆ. ಜಾಗ ಬಿಟ್ಟು ಅಲೆದ ಅಣುವಿನದು ಅಳಿಯದೆ ಉಳಿದು, ಅದರ ದನಿ ಉಳಿದವರ ಜೊತೆ ಕೂಡದೆ ಹೋಗುತ್ತದೆ. ದನಿ ಎಷ್ಟು ಕುಗ್ಗಿತೋ ಆ ದಿಕ್ಕಿನಲ್ಲಿ ನೀರು ಅಷ್ಟು ಅಲೆದಿದೆ ಎಂದು ಲೆಕ್ಕ.

1990ರಲ್ಲಿ ಮೈಕೆಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕಿನ ಮಿದುಳಿನಲ್ಲಿ ಇದನ್ನು ನೋಡುವಾಗ ಬಿಳಿ ದ್ರವ್ಯದ ನೀರು ಎಲ್ಲ ದಿಕ್ಕಿಗೂ ಸಮನಾಗಿ ಅಲೆಯುತ್ತಿಲ್ಲ ಎಂಬುದು ಕಂಡಿತು. ಯಾಕೆಂದು ಊಹಿಸುವುದು ಕಷ್ಟವಲ್ಲ. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಬಟಾಬಯಲಿನ ನಡುವೆ ಬಿಟ್ಟರೆ ಅವನು ಎತ್ತ ಬೇಕಾದರೂ ಹೋದಾನು. ಅವನನ್ನೇ ಅಡಿಕೆ ತೋಟದಲ್ಲಿ, ಎರಡು ಬಸಿಗಾಲುವೆಗಳ ನಡುವಿನ ಪಟ್ಟಿಯ ಮೇಲೆ ಬಿಟ್ಟರೆ ಅಡ್ಡಡ್ಡ ಹೆಚ್ಚು ದೂರ ಹೋಗಲಾರ; ಎಷ್ಟು ತಡವರಿಸಿದರೂ ಉದ್ದಕ್ಕೇ ಸಾಗುತ್ತಾನೆ. ತೋಟವನ್ನು ಕಣ್ಣಾರೆ ಕಾಣದಿದ್ದರೂ ಅವನು ಎಲ್ಲಿಂದ ಎಲ್ಲಿಗೆ ಮುಟ್ಟಿದ ಎಂಬುದರಿಂದಲೇ ಕಾಲುವೆಗಳು ಯಾವ ದಿಕ್ಕಿಗಿವೆ ಎಂದು ಹೇಳಬಹುದು. ದಂಡೆ ಕುಸಿದು ಕಾಲುವೆ ಮುಚ್ಚಿದ್ದರೆ ಅದೂ ತಿಳಿಯುತ್ತದೆ, ಅವನು ಅಡ್ಡಕ್ಕೂ ಓಡಾಡಲು ಶುರುಮಾಡುತ್ತಾನಲ್ಲ!

1994ರಲ್ಲಿ ಪೀಟರ್ ಬ್ಯಾಸರ್, ಜೇಮ್ಸ್ ಮಾಟಿಯೆಲ್ಲೊ ಮತ್ತು ಲೆ ಬಿಹಾನ್ ಇದಕ್ಕೆ ಗಣಿತದ ಅಚ್ಚುಕಟ್ಟು ಕೊಟ್ಟರು. ಕಡಿಮೆಯೆಂದರೆ ಆರು ದಿಕ್ಕುಗಳಲ್ಲಿ ಅಳೆದರೆ ಪ್ರತಿ ಚುಕ್ಕೆಯಲ್ಲೂ ನೀರಿನ ಒಲವು ಎತ್ತ ಎಂದು ಹೇಳಬಹುದು. ಒಲವಿಗೆ ಸೊನ್ನೆಯಿಂದ ಒಂದರವರೆಗೆ ಅಂಕ. ಸೊನ್ನೆಯೆಂದರೆ ಎಲ್ಲ ದಿಕ್ಕೂ ಒಂದೇ. ಒಂದರ ಹತ್ತಿರವೆಂದರೆ ಒಂದೇ ದಿಕ್ಕಿನ ಹಟ. ಎಡಬಲಕ್ಕೆ ಓಡುವ ಎಳೆಗಳಿಗೆ ಕೆಂಪು, ಹಿಂದುಮುಂದಕ್ಕೆ ಹಸಿರು, ಮೇಲೆ ಕೆಳಗಿನವಕ್ಕೆ ನೀಲಿ ಬಣ್ಣ ಕೊಟ್ಟು ಚಿತ್ರ ಬರೆಯುತ್ತಾರೆ. ಆ ಚಿತ್ರಗಳನ್ನು ನೀವು ನೋಡಿರಬಹುದು. ನವಿಲುಗರಿಯಂತೆ, ಬಣ್ಣದ ರೇಷ್ಮೆಯ ಕುಚ್ಚಿನಂತೆ ಹೊಳೆಯುವ ಅವುಗಳನ್ನು ಪತ್ರಿಕೆಗಳು ಮುಖಪುಟಕ್ಕೆ ಹಾಕಿಕೊಳ್ಳುತ್ತವೆ. ಆದರೆ ಅದು ಫೋಟೋ ಅಲ್ಲ. ಆ ಬಣ್ಣ ಮಿದುಳಿನಲ್ಲಿಲ್ಲ. ಒಂದೊಂದು ಚುಕ್ಕೆಯೂ ಸುಮಾರು ಎರಡು ಮಿಲಿಮೀಟರ್ ಅಗಲದ ಘನ. ಅದರೊಳಗೆ ಲಕ್ಷಾಂತರ ತಂತುಗಳು ಅಡಗಿವೆ. ಎರಡು ಕಟ್ಟುಗಳು ಒಂದನ್ನೊಂದು ಹಾಯುವ ಕಡೆ ಎಲ್ಲ ಸರಿಯಿದ್ದರೂ ಅಂಕ ಇಳಿಯುತ್ತದೆ. ಈ ಎಚ್ಚರವನ್ನು ಮರೆತು ಬೆರಗಾಗುವುದು ಸುಲಭ. ಎಚ್ಚರವಿಟ್ಟುಕೊಂಡೂ ಬೆರಗು ಕಡಿಮೆಯಾಗುವುದಿಲ್ಲ ಎಂಬುದು ನನ್ನ ಅನುಭವ.

ಇನ್ನು ಔಷಧದ ಮಾತು. ಇದರ ಬೇರು ಹುಡುಕಿಕೊಂಡು ಹೋದರೆ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಬರುತ್ತೇವೆ. 1928ರಲ್ಲಿ ಇಂಗ್ಲೆಂಡಿನಿಂದ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ ಅಲ್ಲಿನ ಬಡ ಬಸುರಿ ಹೆಂಗಸರನ್ನು ಕಾಡುತ್ತಿದ್ದ ರಕ್ತಹೀನತೆಗೆ ಕಾರಣ ಹುಡುಕುತ್ತಿದ್ದರು. ಯೀಸ್ಟಿನ ಸಾರ ತಿನ್ನಿಸಿದರೆ ಅದು ವಾಸಿಯಾಗುತ್ತಿತ್ತು. ಆ ಸಾರದಲ್ಲಿದ್ದದ್ದು ಇಂದು ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕಬ್ಬಿಣದ ಜೊತೆ ಕೊಡುವ ಫೋಲಿಕ್ ಆಮ್ಲ. ಕೋಶ ಒಡೆದು ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು, ಅದನ್ನು ಹೆಣೆಯಲು ಫೋಲಿಕ್ ಆಮ್ಲ ಬೇಕು.

ಕೃಷ್ಣಾ ಗೋದಾವರಿ ಸೀಮೆಯ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಣ್ಣನನ್ನು ಸ್ಪ್ರೂ ಎಂಬ ಹೊಟ್ಟೆಯ ರೋಗಕ್ಕೆ ಕಳೆದುಕೊಂಡಿದ್ದರು. ಮದ್ರಾಸಿನಲ್ಲಿ ವೈದ್ಯಕೀಯ ಓದಿ 1923ರಲ್ಲಿ ಬಾಸ್ಟನ್ನಿಗೆ ಹೋದರು. ಮುಂದೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ರೋಗಕ್ಕೂ ಅದು ಮದ್ದಾಯಿತು. ಅಣ್ಣನ ಪಾಲಿಗೆ ತಡವಾಗಿತ್ತು ಅಷ್ಟೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಬ್ಲಡ್ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲದ ಬಂಧುಗಳನ್ನು ಕೊಟ್ಟು ನೋಡಿದರೆ ರೋಗ ಇನ್ನೂ ಜೋರಾದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲವನ್ನು ತಡೆದರೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ಅಮೈನಾಪ್ಟೆರಿನ್ ಮಾಡಿಕೊಟ್ಟಿತು. ವೇಷ ನೋಡಿ ಕೋಶ ಮೋಸ ಹೋಗುತ್ತದೆ. 1948ರ ಜೂನಿನಲ್ಲಿ ಫಾರ್ಬರ್ ವರದಿ ಪ್ರಕಟಿಸಿದರು: 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಅದು ತಾತ್ಕಾಲಿಕ ಚೇತರಿಕೆ. ರೋಗ ಮರಳಿ ಬಂತು. ಆದರೂ ಮಕ್ಕಳ ಬ್ಲಡ್ ಕ್ಯಾನ್ಸರ್ ಔಷಧಕ್ಕೆ ಬಗ್ಗಿದ್ದು ಅದೇ ಮೊದಲು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು, 53ನೇ ವಯಸ್ಸಿಗೆ. ಅಮೈನಾಪ್ಟೆರಿನ್ನಿನ ತಮ್ಮನಂತೆ ಅದೇ ಪ್ರಯೋಗಾಲಯದಲ್ಲಿ ಹುಟ್ಟಿದ ಮೆಥೊಟ್ರೆಕ್ಸೇಟ್ ಇಂದಿಗೂ ಜಗತ್ತಿನ ಎಲ್ಲ ಕ್ಯಾನ್ಸರ್ ವಾರ್ಡುಗಳಲ್ಲಿದೆ.

ಮೆಥೊಟ್ರೆಕ್ಸೇಟಿಗೆ ಒಂದು ಅಡ್ಡಿಯಿತ್ತು. ರಕ್ತದಿಂದ ಮಿದುಳಿಗೆ ಏನು ಹೋಗಬೇಕು, ಏನು ಹೋಗಬಾರದು ಎಂದು ತೀರ್ಮಾನಿಸುವ ಕಾವಲು ಮಿದುಳಿನ ರಕ್ತನಾಳಗಳಲ್ಲಿದೆ. ಜರ್ಮನಿಯ ಪಾಲ್ ಎರ್ಲಿಕ್ 1885ರಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ಮೈಯೆಲ್ಲ ಬಣ್ಣವಾಗಿ ಮಿದುಳು ಮಾತ್ರ ಬಿಳಿಯಾಗಿಯೇ ಉಳಿದಿತ್ತು. (ಕೀಮೋಥೆರಪಿ ಎಂಬ ಹೆಸರಿಟ್ಟವರೂ ಅವರೇ ಎಂಬುದು ಕಾಕತಾಳೀಯ, ಆದರೆ ಎಂಥ ಕಾಕತಾಳೀಯ!) ರಕ್ತದಲ್ಲಿ ಸೋತ ಬ್ಲಡ್ ಕ್ಯಾನ್ಸರ್ ಕೋಶಗಳು ಈ ಕಾವಲಿನ ಒಳಗೆ, ಮಿದುಳಿನ ಪೊರೆಗಳಲ್ಲಿ ಅಡಗಿ ಕೂತು ಮತ್ತೆ ಹೊರಗೆ ಬರುತ್ತಿದ್ದವು. ಮೆಂಫಿಸ್‌ನ ಸೇಂಟ್ ಜ್ಯೂಡ್ ಆಸ್ಪತ್ರೆ 1962ರಲ್ಲಿ ತೆರೆದಾಗ ಈ ರೋಗದ ಮಕ್ಕಳಲ್ಲಿ ನೂರಕ್ಕೆ ನಾಲ್ವರಷ್ಟೇ ಬದುಕುತ್ತಿದ್ದರು. ಅಲ್ಲಿನ ಡೊನಾಲ್ಡ್ ಪಿಂಕೆಲ್ ಕಾವಲನ್ನು ತಪ್ಪಿಸಿ ಒಳಗೇ ನುಗ್ಗಿದರು: ತಲೆಗೆ ವಿಕಿರಣ, ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಮೆಥೊಟ್ರೆಕ್ಸೇಟ್. ವಿಕಿರಣ ಮಕ್ಕಳ ಕಲಿಕೆಯನ್ನೇ ಹಾಳು ಮಾಡುತ್ತದೆಂದು ತಿಳಿದ ಮೇಲೆ ಅದನ್ನು ಬಹುಮಟ್ಟಿಗೆ ಕೈಬಿಟ್ಟು ಮೆಥೊಟ್ರೆಕ್ಸೇಟನ್ನೇ ನೆಚ್ಚಿಕೊಂಡರು. ಇಂದು ಅನುಕೂಲಸ್ಥ ದೇಶಗಳಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮ ಆಸ್ಪತ್ರೆಗಳಲ್ಲೂ ಇದೇ ದಾರಿ. ವಾರ್ಡಿನ ಹೊರಗೆ ಕೂತ ತಂದೆತಾಯಿಯರ ಬಾಯಲ್ಲಿ ಅದು ‘ಬೆನ್ನಿನ ಇಂಜೆಕ್ಷನ್’.

ಇಲ್ಲೊಂದು ಮಾತು ಬೇಗ ಹೇಳಿಬಿಡಬೇಕು. ಕೀಲುವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುವವರು ನಮ್ಮಲ್ಲಿ ಬಹಳ ಮಂದಿ. ಅದು ಕೆಲವೇ ಮಿಲಿಗ್ರಾಮಿನ ಲೆಕ್ಕ. ಕ್ಯಾನ್ಸರಿಗೆ ಕೊಡುವ ದೊಡ್ಡ ಡೋಸು ಗ್ರಾಮುಗಳ ಲೆಕ್ಕ. ಈ ಬರಹ ಓದಿ ಯಾರೂ ಮಾತ್ರೆ ಬಿಡಬಾರದು.

ವೇಷಧಾರಿ ಔಷಧ ಒಡೆಯುವ ಕೋಶಗಳನ್ನು ಕೊಲ್ಲುತ್ತದೆ ಸರಿ. ಬೆಳೆದ ನರಕೋಶ ಒಡೆಯುವುದೇ ಇಲ್ಲವಲ್ಲ, ಅದಕ್ಕೇನು ಭಯ? ಬಹುಕಾಲ ಹೀಗೇ ನಂಬಿದ್ದರು. ಆದರೆ ಮೈಲಿನ್ ಸುತ್ತುವ ಕೋಶಗಳ ಎಳೆಯ ಪೀಳಿಗೆ ನಾವಿರುವವರೆಗೂ ಒಡೆಯುತ್ತಲೇ ಇರುತ್ತದೆ. ಮೇಲಾಗಿ ಮೈಲಿನ್ನಿನ ದುರಸ್ತಿಗೆ ಬೇಕಾದ ರಾಸಾಯನಿಕವೊಂದು ತಯಾರಾಗುವುದೂ ಫೋಲಿಕ್ ಆಮ್ಲದ ನೆರವಿನಿಂದಲೇ. ಮುಂಬಯಿಯ ಬಸುರಿಯರ ರಕ್ತಕ್ಕೆ ಯಾವುದು ಬೇಕಾಗಿತ್ತೋ ಅದೇ ಮಿದುಳಿನ ಎಳೆಗಳಿಗೂ ಬೇಕು. ಮಗುವನ್ನು ಉಳಿಸುವ ಗುಣ ಮತ್ತು ಮಿದುಳನ್ನು ನೋಯಿಸುವ ಗುಣ ಔಷಧದಲ್ಲಿ ಎರಡಲ್ಲ, ಒಂದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆದುಹಾಕುವುದು ಇದುವರೆಗೆ ಯಾರ ಕೈಯಲ್ಲೂ ಪೂರ್ತಿ ಸಾಧ್ಯವಾಗಿಲ್ಲ.

ಬೆನ್ನಿನ ಇಂಜೆಕ್ಷನ್ ಆದ ಕೆಲವು ದಿನಗಳಲ್ಲಿ, ಹೆಚ್ಚಾಗಿ ಎರಡು ವಾರದೊಳಗೆ, ಅಪರೂಪಕ್ಕೆ ಒಬ್ಬ ಹುಡುಗನ ಬಲಗೈ ಇದ್ದಕ್ಕಿದ್ದಂತೆ ಸೋಲುತ್ತದೆ. ಮಾತು ತೊದಲುತ್ತದೆ, ಕೆಲವೊಮ್ಮೆ ಪೂರಾ ನಿಲ್ಲುತ್ತದೆ. ಪಾರ್ಶ್ವವಾಯು ಹೊಡೆದಂತೆಯೇ. ಸಿಟಿ ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ನೀರಿನ ಅಲೆತ ಅಳೆಯುವ ಎಂಆರ್‌ಐ ಮಾಡಿದರೆ ಸೋತ ಕೈಗೆ ಎದುರು ಬದಿಯ ಬಿಳಿ ದ್ರವ್ಯದಲ್ಲಿ ಒಂದು ತುಂಡು ಬೆಳ್ಳಗೆ ಹೊಳೆಯುತ್ತದೆ. ಅಲ್ಲಿ ನೀರು ನಿಂತುಬಿಟ್ಟಿದೆ. ಮೈಲಿನ್ನಿನ ಪದರಗಳ ನಡುವೆ ಊದಿಕೊಂಡು, ಸರಿಯಲು ಜಾಗವಿಲ್ಲದೆ ಸಿಕ್ಕಿಕೊಂಡಿದೆ. ರಕ್ತನಾಳ ಕಟ್ಟಿ ಬರುವ ಪಾರ್ಶ್ವವಾಯುವಿನಲ್ಲಾದರೆ ಹೊಳಪು ಆ ನಾಳ ರಕ್ತವುಣಿಸುವ ಗಡಿಯೊಳಗೇ ಇರುತ್ತದೆ. ಇದು ಯಾವ ನಾಳದ ಗಡಿಯನ್ನೂ ಲೆಕ್ಕಿಸುವುದಿಲ್ಲ. ವೈದ್ಯರು ಅಲ್ಲೇ ಗುಟ್ಟು ಹಿಡಿಯುತ್ತಾರೆ. ಅದಕ್ಕಿಂತ ದೊಡ್ಡ ಅಚ್ಚರಿ ಆಮೇಲಿನದು: ಹೆಚ್ಚಿನ ಮಕ್ಕಳಲ್ಲಿ ಕೆಲವೇ ದಿನಗಳಲ್ಲಿ ಕೈಗೆ ಬಲ ಬರುತ್ತದೆ, ಮಾತು ಮರಳುತ್ತದೆ. ಎಷ್ಟೋ ಮಕ್ಕಳು ಆಮೇಲೂ ಅದೇ ಔಷಧ ಹಾಕಿಸಿಕೊಂಡು ಚಿಕಿತ್ಸೆ ಮುಗಿಸುತ್ತಾರೆ. ಮಾತು ನಿಂತು ಮತ್ತೆ ಬಂದ ಮಗುವಿನ ತಾಯಿಯ ಮುಂದೆ ಈ ವಿವರಣೆಯೆಲ್ಲ ಎಷ್ಟರದು!

ಇದು ದಿಢೀರ್ ಪೆಟ್ಟಿನ ಮಾತು. ಕೀಮೋ ಕೊಡುವ ನಿಧಾನದ ಪೆಟ್ಟಿನಲ್ಲಿ ನೀರು ಇದಕ್ಕೆ ತದ್ವಿರುದ್ಧ ಸಾಕ್ಷಿ ಹೇಳುತ್ತದೆ. ಅಲ್ಲಿ ಅದು ನಿಲ್ಲುವುದಿಲ್ಲ. ಹಾಕಿದ್ದ ದಂಡೆ ದಾಟಿ ಅಡ್ಡಾಡುತ್ತದೆ.

ಸ್ತನ ಕ್ಯಾನ್ಸರಿಗೆ ಕೀಮೋ ಮುಗಿಸಿದ ಹೆಂಗಸರು ಹಲವು ದೇಶಗಳಲ್ಲಿ ಹಲವು ಭಾಷೆಗಳಲ್ಲಿ ಒಂದೇ ದೂರು ಹೇಳುತ್ತ ಬಂದರು. ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಎರಡು ಕೆಲಸ ಒಟ್ಟಿಗೆ ಆಗುತ್ತಿಲ್ಲ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಮೇಲಿನ ಸಾಲು ಹಾರಿಹೋಗಿರುತ್ತದೆ. ಬಹಳ ವರ್ಷ ಅವರಿಗೆ ಸಿಕ್ಕ ಉತ್ತರವೂ ಒಂದೇ: ಆತಂಕ ಇರಬಹುದು, ನಿದ್ದೆಗೆಟ್ಟಿರಬಹುದು, ವಯಸ್ಸಾಯಿತಲ್ಲ, ಜೀವ ಉಳಿಯಿತಲ್ಲ, ಇನ್ನೇನು ಬೇಕು. ಪರೀಕ್ಷೆಯ ಕಾಗದದಲ್ಲಿ ಅವರ ಅಂಕಗಳು ಬಹುತೇಕ ಸರಿಯಾಗಿಯೇ ಇರುತ್ತಿದ್ದವು.

2007ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಡಾರ್ಟ್‌ಮತ್‌ನ ಸಂಶೋಧಕರು ಒಂದು ಅವಳಿ ಜೋಡಿಯ ಕಥೆ ಪ್ರಕಟಿಸಿದರು. ಒಂದೇ ಅಂಡದಿಂದ ಹುಟ್ಟಿದ ಅಕ್ಕತಂಗಿಯರು. ಒಬ್ಬರಿಗೆ ಸ್ತನ ಕ್ಯಾನ್ಸರ್ ಬಂದು ಕೀಮೋ ಆಗಿತ್ತು. ಇನ್ನೊಬ್ಬರಿಗೆ ಎರಡೂ ಇಲ್ಲ. ಜ್ಞಾಪಕದ ಪರೀಕ್ಷೆಗಳಲ್ಲಿ ಇಬ್ಬರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಕೀಮೋ ಆದವರು ತಮ್ಮ ನೆನಪು, ಗಮನ ಮೊದಲಿನಂತಿಲ್ಲ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಸ್ಕ್ಯಾನ್ ಮಾಡಿದಾಗ ಅವರ ಬಿಳಿ ದ್ರವ್ಯದಲ್ಲಿ ಸೋದರಿಗಿಂತ ಹೆಚ್ಚು ಬಿಳಿ ಕಲೆಗಳು ಕಂಡವು. ನೆನಪಿನ ಅದೇ ಲೆಕ್ಕ ಮಾಡಲು ಅವರ ಮಿದುಳು ಇನ್ನೂ ಅಗಲವಾದ ಜಾಗವನ್ನು ಕೆಲಸಕ್ಕೆ ಹಚ್ಚುತ್ತಿತ್ತು. ಉತ್ತರ ಇಬ್ಬರದೂ ಸರಿ, ಪಟ್ಟ ಶ್ರಮ ಮಾತ್ರ ಬೇರೆ. ಒಂದು ಜೋಡಿಯಿಂದ ಏನನ್ನೂ ಸಿದ್ಧಪಡಿಸಲಾಗದು, ನಿಜ. ಆದರೂ ನನಗೆ ಈ ವಿಷಯದಲ್ಲಿ ಓದಿದ್ದರಲ್ಲೆಲ್ಲ ಮನಸ್ಸಿನಲ್ಲಿ ನಿಂತದ್ದು ಇದೇ. ಪರೀಕ್ಷೆಯ ಅಂಕ ಅಳೆಯದೆ ಬಿಟ್ಟದ್ದನ್ನು ಆ ಹೆಂಗಸು ತಾವೇ ಅಳೆದುಕೊಂಡಿದ್ದರು.

ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಸಬೀನ್ ಡೆಪ್ರೆ ಮತ್ತು ಜೊತೆಯವರು ಕೀಮೋಗೆ ಮೊದಲೊಮ್ಮೆ, ಮುಗಿದ ಮೂರು ನಾಲ್ಕು ತಿಂಗಳಿಗೆ ಇನ್ನೊಮ್ಮೆ 34 ಹೆಂಗಸರ ಮಿದುಳಿನ ನೀರನ್ನು ಅಳೆದರು. ಕ್ಯಾನ್ಸರ್ ಇದ್ದೂ ಕೀಮೋ ಪಡೆಯದ 16 ಮಂದಿ, ಆರೋಗ್ಯವಂತರು 19 ಮಂದಿ ಹೋಲಿಕೆಗೆ ಇದ್ದರು. 2012ರಲ್ಲಿ ಹೊರಬಂದ ಫಲಿತಾಂಶದಲ್ಲಿ ಕೀಮೋ ಪಡೆದವರ ಬಿಳಿ ದ್ರವ್ಯದಲ್ಲಿ ಮಾತ್ರ, ಹಣೆಯ ಹಿಂದಿನ ಭಾಗವೂ ಸೇರಿ ಹಲವೆಡೆ ದಿಕ್ಕಿನ ಒಲವಿನ ಅಂಕ ಇಳಿದಿತ್ತು. ಗಮನ, ಮಾತಿನ ನೆನಪು ಕುಂದಿದ್ದಕ್ಕೂ ಈ ಇಳಿತಕ್ಕೂ ನಂಟಿತ್ತು. ಅದೇ ಗುಂಪಿನವರನ್ನು ಮೂರು ನಾಲ್ಕು ವರ್ಷದ ಮೇಲೆ ಮತ್ತೆ ನೋಡಿದರೆ ಅಂಕ ಬಹುಮಟ್ಟಿಗೆ ಮೊದಲಿನ ಜಾಗಕ್ಕೆ ಬಂದಿತ್ತು. ದಂಡೆ ಕಟ್ಟುವವರು ಒಳಗೆ ಇನ್ನೂ ಇದ್ದರು, ಕೆಲಸ ನಿಂತಿರಲಿಲ್ಲ.

ಎಲ್ಲ ಕಡೆ ಇಷ್ಟು ಸಮಾಧಾನದ ಉತ್ತರವಿಲ್ಲ. ನೆದರ್ಲೆಂಡ್ಸ್‌ನಲ್ಲಿ ಮೆಥೊಟ್ರೆಕ್ಸೇಟ್ ಸೇರಿದ ಹಳೆಯ ಮೂರು ಔಷಧಗಳ ಕೀಮೋ ಪಡೆದು ಸರಾಸರಿ ಇಪ್ಪತ್ತು ವರ್ಷ ದಾಟಿದ 196 ಹೆಂಗಸರನ್ನು, ಕ್ಯಾನ್ಸರೇ ಬಾರದ 1,509 ಹೆಂಗಸರ ಜೊತೆ ಹೋಲಿಸಿದರು. ಪದಗಳನ್ನು ಕಲಿತು ನೆನಪಿಡುವುದರಲ್ಲಿ ಮೊದಲ ಗುಂಪು ಸ್ವಲ್ಪ ಹಿಂದಿತ್ತು. ಅವರಲ್ಲಿ ಸ್ಕ್ಯಾನ್ ಆದವರ ಪೈಕಿ ಚಿಕಿತ್ಸೆಯಾಗಿ ಹೆಚ್ಚು ವರ್ಷ ಕಳೆದಷ್ಟೂ ಬಿಳಿ ದ್ರವ್ಯ ಹೆಚ್ಚು ಸಡಿಲವಾದಂತೆ ಕಂಡಿತು. ಔಷಧಗಳು ಬೇರೆ, ಕಾಲ ಬೇರೆ, ವಯಸ್ಸು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

ಎಳೆ ಯಾಕೆ ಸಡಿಲವಾಗುತ್ತದೆ ಎಂಬುದಕ್ಕೆ ಸ್ಟ್ಯಾನ್‌ಫರ್ಡಿನ ಮಿಶೆಲ್ ಮೊಂಜೆ ಅವರ ತಂಡ 2018ರಲ್ಲಿ ಇಲಿಗಳಲ್ಲಿ ಒಂದು ಉತ್ತರ ಕಂಡಿತು. ಮಿದುಳಿನ ಕಾವಲು ಹಾಗೂ ಸ್ವಚ್ಛತೆಯ ಕೆಲಸ ಮಾಡುವ ಮೈಕ್ರೋಗ್ಲಿಯಾ ಎಂಬ ಕೋಶಗಳು ಮೆಥೊಟ್ರೆಕ್ಸೇಟಿನಿಂದ ಕೆರಳುತ್ತವೆ. ಔಷಧ ಹೋದ ಮೇಲೂ ಶಾಂತವಾಗುವುದಿಲ್ಲ. ಅವುಗಳ ಸಿಟ್ಟು ಪಕ್ಕದ ಕೋಶಗಳಿಗೂ ತಾಗಿ, ಮೈಲಿನ್ ಸುತ್ತಬೇಕಾದ ಎಳೆಯ ಕೋಶಗಳು ಬೆಳೆದು ದೊಡ್ಡವಾಗುವುದೇ ಇಲ್ಲ. ಇನ್ನೊಂದು ಮದ್ದು ಕೊಟ್ಟು ಮೈಕ್ರೋಗ್ಲಿಯಾಗಳನ್ನು ತೆಗೆದಾಗ ಇಲಿಗಳ ಮೈಲಿನ್ ಕೆಲಸ ಮತ್ತೆ ಹಳಿಗೆ ಬಂತು, ಅವುಗಳ ಗಮನವೂ ಸುಧಾರಿಸಿತು. ಕೀಮೋ ಪಡೆದು ತೀರಿಕೊಂಡ ಮಕ್ಕಳ ಮಿದುಳಿನ ಅಂಗಾಂಶದಲ್ಲೂ ಮೈಲಿನ್ ಸುತ್ತುವ ಕೋಶಗಳ ಕೊರತೆ ಕಂಡಿತ್ತು. ಇಲಿಯಿಂದ ಮನುಷ್ಯನ ಮದ್ದಿಗೆ ದಾರಿ ದೂರ. ಆದರೆ ಪೆಟ್ಟು ಬಿದ್ದದ್ದಷ್ಟೇ ಅಲ್ಲ, ಪೆಟ್ಟಿನ ಹಿಂದೆ ಸರಿಪಡಿಸಬಹುದಾದ ಕಾರಣವೊಂದಿದೆ ಎಂದು ತೋರಿದ್ದು ಸಣ್ಣ ಸಂಗತಿಯಲ್ಲ.

ಇಷ್ಟಾದ ಮೇಲೂ ಒಂದು ಅಸಮಾಧಾನ ನನ್ನಲ್ಲಿ ಉಳಿದಿದೆ. ನೀರಿನ ಅಣುಗಳ ಅಲೆತ ಅಳೆದು ತಂದ ಬಣ್ಣದ ಚಿತ್ರವನ್ನು ನಾವು ತಕ್ಷಣ ನಂಬಿದೆವು. ಅದಕ್ಕೂ ಎಷ್ಟೋ ವರ್ಷ ಮೊದಲು ಅದೇ ಮಾತನ್ನು ಬಾಯಿಬಿಟ್ಟು ಹೇಳಿದ ಹೆಂಗಸರನ್ನು ನಂಬಲಿಲ್ಲ. ಈ ಚಿತ್ರಗಳು ಹೆಚ್ಚಾಗಿ ಗುಂಪಿನ ಸರಾಸರಿಯನ್ನು ಹೇಳುತ್ತವೆ; ಒಬ್ಬರ ಸ್ಕ್ಯಾನ್ ಹಿಡಿದು ‘ನಿಮ್ಮ ಮರೆವು ನಿಜ’ ಎಂದೋ ‘ಸುಳ್ಳು’ ಎಂದೋ ತೀರ್ಪು ಕೊಡಲು ಅವು ಇನ್ನೂ ಸಾಲವು. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬಂದರೆ ದೂರು ಬಿದ್ದುಹೋಗುವುದಿಲ್ಲ. ಅವಳಿ ಸೋದರಿಯರಲ್ಲಿ ಮೊದಲು ಸರಿಯಾಗಿ ಹೇಳಿದ್ದು ಯಂತ್ರವಲ್ಲ, ಆಕೆ. ನೀರು ಕೊಟ್ಟದ್ದು ಪೂರಕ ಸಾಕ್ಷಿ. ಮೂಲ ಸಾಕ್ಷಿ ಅನುಭವಿಸಿದವರದೇ ಎಂಬುದು ನನ್ನ ಎಣಿಕೆ.

ಆದ್ದರಿಂದ ಓದುಗರಲ್ಲಿ ಎರಡು ಕೋರಿಕೆ. ಬೆನ್ನಿನ ಇಂಜೆಕ್ಷನ್ ಆದ ಮಗುವಿನ ಮಾತು ತೊದಲಿದರೆ, ಕೈಕಾಲು ಸೋತರೆ, ಬೆಳಗಾಗಲಿ ಎಂದು ಕಾಯದೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಕರೆದೊಯ್ಯಿರಿ. ಹೆದರಿ ಚಿಕಿತ್ಸೆಯನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ. ಕೀಮೋ ಮುಗಿಸಿದ ಅಮ್ಮನೋ ಅತ್ತೆಯೋ ‘ಯಾಕೋ ಮೊದಲಿನ ಹಾಗೆ ನೆನಪು ನಿಲ್ಲುತ್ತಿಲ್ಲ’ ಎಂದರೆ ‘ವಯಸ್ಸಾಯಿತು ಬಿಡಿ’ ಎನ್ನಬೇಡಿ. ಯಾವಾಗ, ಏನು ಮರೆತರು ಎಂದು ಬರೆದಿಟ್ಟುಕೊಂಡು ಮುಂದಿನ ಸಲ ಡಾಕ್ಟರ ಮುಂದಿಡಿ.